ಸವಣೂರಿಗೆ ನೀರಿನ ಹಡಗು ಬಂದ ಬೇಸಿಗೆ

ಈಚೆಗೆ ಶಿಗ್ಗಾಂವಿಯಲ್ಲಿ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಹಿಂದಿನ ದಿನ ಮಳೆ ಬಿದ್ದು ಹಂದರದ ತಾಡಪತ್ರಿ ತೊಯ್ದಿತ್ತು. ಬಿಸಿಲೇರಿ ಅದು ಒಣಗತೊಡಗಿದಾಗ ಒಂದು ವಾಸನೆ ಎದ್ದಿತು. ಎಲೆಯ ಮುಂದೆ ಕುಳಿತಿದ್ದ ನನಗೆ ಬಡಿಸುವವರು ‘ಚಿರೋಟಿ ಹಾಕ್ಲ್ಯಾ?’ ಎಂದು ಎರಡು ಸಲ ಕೇಳಿದರಂತೆ. ಕೇಳಿಸಲೇ ಇಲ್ಲ. ನಾನು ಸವಣೂರಿನ ಟೂರಿಂಗ್ ಟಾಕೀಸಿನ ತಂಬುವಿನೊಳಗೆ ಹೋಗಿಬಿಟ್ಟಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿ.ಎಸ್ಸಿ. ಕೊನೆಯ ವರ್ಷದ ಭೌತಶಾಸ್ತ್ರದಲ್ಲಿ ನಪಾಸಾಗಿ, ಧಾರವಾಡದ ಹಾಸ್ಟೆಲಿನಿಂದ ಟ್ರಂಕು ತೆಗೆದುಕೊಂಡು ಮನೆಗೆ ಬಂದಿದ್ದೆ. ನಮ್ಮದು ನಾಲ್ಕು ತಲೆಮಾರಿನಿಂದ ಸಂಸ್ಕೃತ ಓದಿ ಓದಿಸಿದ ವೈಷ್ಣವರ ಮನೆ. ಆ ಮನೆಯಲ್ಲಿ ನಪಾಸು ಎಂಬ ಶಬ್ದ ಕೇಳಿದ್ದು ಅದೇ ಮೊದಲು. ಅಪ್ಪ ಬೈಯಲಿಲ್ಲ. ‘ಏಪ್ರಿಲ್‌ನಾಗ ಮತ್ತ ಪರೀಕ್ಷಾ ಅದನಲ್ಲ’ ಎಂದಷ್ಟೇ ಹೇಳಿ ಪುಸ್ತಕದ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ದಿನ ಅನಿಸುತ್ತಿತ್ತು.

ಅಪ್ಪನ ತಮ್ಮ ವೆಂಕಣ್ಣ ಕಾಕಾ ಅಂಚೆ ಕಚೇರಿಯಲ್ಲಿ ಕಾರಕೂನ. ಸಿನಿಮಾ ಎಂದರೆ ಪ್ರಾಣ. ಸಂಕ್ರಾಂತಿ ಮುಗಿದ ವಾರ ನನ್ನ ಬಾಗಿಲಿಗೆ ಬಂದು, ‘ಸುಧಾ, ಏಳು. ಆಕಾಶದಾಗ ಹಡಗು ಹೋಗೂ ಪಿಚ್ಚರ್ ಬಂದದ. ನಿನ್ನ ಭೌತಶಾಸ್ತ್ರಾನೂ ಆಗ್ತದ’ ಎಂದ. ಅವ್ವ ಬೇಡ ಎನ್ನುವಷ್ಟರಲ್ಲಿ ನಾವಿಬ್ಬರೂ ಓಣಿ ದಾಟಿದ್ದೆವು.

ಅದು ಇಂಗ್ಲಿಷ್ ಪಿಚ್ಚರು. ಒಂದಲ್ಲ, ಐದು. ಪರದೇಶದಲ್ಲಿ ವರ್ಷಾನುಗಟ್ಟಲೆ ಒಂದರ ಹಿಂದೆ ಒಂದರಂತೆ ಬಂದ ಸರಣಿಯ ಹಳೆಯ ಪ್ರತಿಗಳು ಊರೂರು ತಿರುಗಿ, ಗೀರುಬಿದ್ದು, ತುಂಡಾಗಿ, ಅಂಟಿಸಿಕೊಂಡು ಕೊನೆಗೆ ನಮ್ಮ ತಂಬುವಿಗೆ ಬಂದಿದ್ದವು. ಅದರ ಉದ್ದನೆಯ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಊರಿನ ಮಂದಿ ಅದನ್ನು ‘ನೀರಿನ ಹಡಗು’ ಎಂದರು. ಆ ಹೆಸರಿಟ್ಟವರು ಫಕ್ಕೀರಪ್ಪನವರು.

ಫಕ್ಕೀರಪ್ಪನವರು ಹತ್ತಿಮತ್ತೂರಿನವರು. ನಲವತ್ತರ ಆಸುಪಾಸು, ಏಳನೆಯ ಇಯತ್ತೆಯವರೆಗೆ ಓದಿದ್ದರು. ಹಗಲು ಹೊಲದ ಕೆಲಸ. ತಂಬು ಬಿದ್ದಿರುವ ತಿಂಗಳುಗಳಲ್ಲಿ ಸಂಜೆ ಬಾಗಿಲು ಕಾಯುವುದು, ಆಟ ಶುರುವಾದ ಮೇಲೆ ಪರದೆಯ ಮಗ್ಗುಲಲ್ಲಿ ಮೈಕು ಹಿಡಿದು ನಿಂತು ಇಂಗ್ಲಿಷ್ ಪಿಚ್ಚರಿನ ಕಥೆಯನ್ನು ಕನ್ನಡದಲ್ಲಿ ಹೇಳುವುದು. ಅವರು ಬಾಯಿ ತೆರೆದೊಡನೆ ಮಷಿನ್ ಮನೆಯವನು ಪಿಚ್ಚರಿನ ಧ್ವನಿ ತಗ್ಗಿಸುತ್ತಿದ್ದ. ಭೂಮಿಯಲ್ಲಿ ಕೆರೆ ಬಾವಿಗಳೆಲ್ಲ ಬತ್ತಿಹೋಗಿವೆ. ದೊಡ್ಡ ಸಾಹೇಬ ಎಂಬ ಕಪ್ತಾನ ಒಂದು ಹಡಗು ಕಟ್ಟಿಸಿ, ಮಂದಿಯನ್ನು ಕೂಡಿಸಿಕೊಂಡು, ಚುಕ್ಕೆಯಿಂದ ಚುಕ್ಕೆಗೆ ನೀರು ಹುಡುಕುತ್ತಾ ಹೊರಟಿದ್ದಾನೆ. ಅವರು ಹೇಳಿದ ಕಥೆ ಇದು. ಒಣಬೇಸಾಯದ ಊರಿನ ಮಂದಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿರಲಿಲ್ಲ.

ಐದರಲ್ಲಿ ಜನ ಹೆಚ್ಚು ಬಾಯಿಬಿಟ್ಟು ನೋಡಿದ್ದು ಮೂರನೆಯದನ್ನು. ಅದರ ಕೊನೆಯಲ್ಲಿ ಹಡಗು ಒಂದು ಬರಡು ಲೋಕದಲ್ಲಿ ಇಳಿಯುತ್ತದೆ. ಅಲ್ಲೊಂದು ಆಳವಾದ ಬಾವಿ. ದೊಡ್ಡ ಸಾಹೇಬ ಒಬ್ಬನೇ ಇಳಿದು, ಮಂಡಿಯೂರಿ, ಎರಡೂ ಕೈ ಒಡ್ಡುತ್ತಾನೆ. ಬೊಗಸೆಯಲ್ಲಿ ಏನೋ ಮಿನುಗುತ್ತದೆ. ಫಕ್ಕೀರಪ್ಪನವರ ಧ್ವನಿ ಆಗ ತಗ್ಗುತ್ತಿತ್ತು: ‘ನೀರು ಬಂತು ನೋಡ್ರಿ. ಇಷ್ಟು ವರ್ಷ ಹುಡುಕಿದ ನೀರು. ಅಂವ ಕುಡ್ಯಾಕತ್ತಿಲ್ಲ. ಮ್ಯಾಲೆ ನಿಂತ ಮಂದೀಗೆ ಎತ್ತಿ ತೋರ್ಸಾಕತ್ತಾನ.’ ಬಾವಿ ಕುಸಿಯುತ್ತದೆ, ಸಾಹೇಬ ಒಳಗೇ ಉಳಿಯುತ್ತಾನೆ. ನೆಲದ ಮೇಲೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ.

ಯುಗಾದಿಯ ಹೊತ್ತಿಗೆ ಐದೂ ಮುಗಿದವು. ನಿಜವಾದ ಆಟ ಶುರುವಾದದ್ದು ಆಮೇಲೆ, ನಮ್ಮ ಮನೆಯ ಕಟ್ಟೆಯ ಮೇಲೆ.

ಸಂಜೆ ಬಿಸಿಲು ಇಳಿದೊಡನೆ ದರ್ಜಿ ಮಕ್ಬೂಲ್‌ಸಾಬರು ಅಂಗಡಿ ಮುಚ್ಚಿ ಬರುತ್ತಿದ್ದರು. ಕಾಕಾನ ಬಾಲ್ಯದ ಗೆಳೆಯ. ಬಟ್ಟೆಗೆ ಗುರುತು ಹಾಕುವ ತಮ್ಮ ಚಪ್ಪಟೆ ಸೀಮೆಸುಣ್ಣದಿಂದ ಕಟ್ಟೆಯ ಕಲ್ಲಿನ ಮೇಲೆ ಐದು, ಒಂದು, ಮೂರು, ಎರಡು, ನಾಲ್ಕು ಎಂದು ಬರೆಯುತ್ತಿದ್ದರು. ಯಾವುದು ಮೇಲು, ಯಾವುದು ಕೀಳು ಎಂಬ ಕ್ರಮ ಅದು. ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿ ತನ್ನದು ಬರೆಯುತ್ತಿದ್ದ.

‘ಐದನೇದ್ರ ಮುಂದ ಯಾವುದೂ ಇಲ್ಲ, ವೆಂಕಣ್ಣ. ಆ ಹಡಗು ನಡಸೂ ಹೆಣ್ಮಗಳ ಅಂಗಿ ನೋಡು. ಎಲ್ಲೆರ ಒಂದು ಹೊಲಿಗಿ ಕಾಣ್ತೈತೇನು? ಹೊಲಿಗಿ ಕಾಣದಂಗ ಹೊಲಿಯೂ ಮಂದಿ ಅಂದ್ರ ಅವರು ನಮಗಿಂತ ನೂರು ವರ್ಷ ಮುಂದ ಅದಾರ.’

‘ಅಂಗಿ ನೋಡ್ಲಿಕ್ಕೆ ಪಿಚ್ಚರಿಗೆ ಹೋಗ್ತೀಯೇನೋ? ಕಥಿ ನೋಡು. ಒಂದನೇದು ಇಲ್ದ ಐದನೇದು ಎಲ್ಲಿಂದ ಬಂತು?’

ದೊಡ್ಡ ಜಗಳವಾದದ್ದು ನಾಲ್ಕನೆಯದರ ಸಲುವಾಗಿ. ಮೂರನೆಯದರಲ್ಲಿ ಸತ್ತ ದೊಡ್ಡ ಸಾಹೇಬ ನಾಲ್ಕನೆಯದರಲ್ಲಿ ಅದೇ ಕುರ್ಚಿಯಲ್ಲಿ ಕುಳಿತಿರುತ್ತಾನೆ, ಆದರೆ ಮುಖ ಬೇರೆ. ಮೂಲದಲ್ಲಿ ಅವನನ್ನು ಬದುಕಿಸಿ ನಟನನ್ನು ಬದಲಿಸಿದ್ದರು, ಅಷ್ಟೆ. ಫಕ್ಕೀರಪ್ಪನವರು ಮೈಕಿನಲ್ಲಿ ‘ಇಂವ ಅವನ ತಮ್ಮ’ ಎಂದಿದ್ದರು. ಕಾಕಾ ಒಪ್ಪಲಿಲ್ಲ. ‘ತಮ್ಮ ಅಲ್ಲ, ಅವನೇ. ಜೀವ ಒಂದ, ದೇಹ ಬ್ಯಾರೆ. ಇದರಾಗ ತಿಳೀಲಾರದ್ದು ಏನದ?’ ಎಂದ. ಮಕ್ಬೂಲ್‌ಸಾಬರು, ‘ಹಂಗಾದ್ರ ಅವನ ಹೆಂಡ್ತಿ ಇವನ ಗುರ್ತಾ ಯಾಕ ಹಿಡೀಲಿಲ್ಲ?’ ಎಂದರು. ಮಾತಿಗೆ ಮಾತು ಬೆಳೆದು ಇಬ್ಬರೂ ಹದಿನೈದು ದಿನ ಮುಖ ನೋಡಲಿಲ್ಲ. ಕಾಕಾನ ಹೊಸ ಅಂಗಿ ತೋಳಿಲ್ಲದೆ ಮಕ್ಬೂಲ್‌ಸಾಬರ ಅಂಗಡಿಯಲ್ಲಿ ತೂಗಾಡಿತು.

ರಾಜಿ ಮಾಡಿಸಿದವರು ಫಕ್ಕೀರಪ್ಪನವರೇ. ಅವರು ಬಂದರೆ ಕಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಕೆಳಗಿನ ಮೆಟ್ಟಿಲಿನ ಕಲ್ಲೇ ಅವರ ಜಾಗ. ಕಾಕಾ ‘ಮ್ಯಾಲೆ ಬಾರೋ’ ಎಂದರೂ ‘ಇಲ್ಲೆ ಗಾಳಿ ಛಲೋ ಬರ್ತೈತ್ರಿ’ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ನಾನೂ. ಅಂದು ಅವರು, ‘ಇಬ್ರದೂ ಖರೆ ಐತ್ರಿ. ಅಂವ ತಮ್ಮನ. ಆದ್ರ ಅಣ್ಣನ ಕೆಲಸ ಹೊತ್ತಾಂವ ಅಣ್ಣನ ಆಗ್ತಾನ್ರಿ’ ಎಂದರು. ಮಕ್ಬೂಲ್‌ಸಾಬರು ಮರುದಿನವೇ ತೋಳು ಹಚ್ಚಿದರು.

ನಾನು ಹೊಸ್ತಿಲ ಒಳಗೆ ಪುಸ್ತಕ ಹಿಡಿದು ಕುಳಿತು ಇದನ್ನೆಲ್ಲ ಕೇಳುತ್ತಿದ್ದೆ. ಒಂದು ದಿನ ತಡೆಯದೆ, ‘ನನಗ ಮೂರನೇದು ಎಲ್ಲಾಕ್ಕಿಂತ ಮ್ಯಾಲೆ’ ಎಂದೆ. ಕಾಕಾ ಸುಣ್ಣದ ತುಂಡನ್ನು ನನ್ನ ಕಡೆ ಚಾಚಿ ‘ಬರೀ’ ಎಂದ. ನಪಾಸಾಗಿ ಬಂದ ಮೇಲೆ ಯಾರಾದರೂ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅಂದಿನಿಂದ ನಾನೂ ಕಟ್ಟೆಯವಳಾದೆ.

ಏಪ್ರಿಲ್‌ನಲ್ಲಿ ಧಾರವಾಡಕ್ಕೆ ಹೋಗಿ ಪರೀಕ್ಷೆ ಬರೆದೆ. ಮುಗಿದ ದಿನ ಹಾಸ್ಟೆಲಿನ ಗೆಳತಿ, ‘ಹುಬ್ಬಳ್ಳಿಯೊಳಗ ರವಿವಾರ ಬೆಳಗಿನ ಆಟಕ್ಕ ನಿಮ್ಮ ಹಡಗಿನ ಪಿಚ್ಚರ್ ಹಾಕ್ಯಾರ’ ಎಂದಳು. ಪೋಸ್ಟರು ನೋಡಿದೆ: ಮೂರನೆಯದು. ಹಬ್ಬಕ್ಕೆ ಹೊರಟಂತೆ ಹೊರಟೆ.

ಅಲ್ಲಿ ಪ್ರತಿ ಹೊಸದು, ಬೆಳಕು ಸ್ವಚ್ಛ, ಮಾತು ಸ್ಪಷ್ಟ. ಅರ್ಧ ತಾಸಿನೊಳಗೆ ತಿಳಿದುಹೋಯಿತು. ಅವರು ನೀರು ಹುಡುಕುತ್ತಿರಲಿಲ್ಲ. ಅವರು ಸಿಪಾಯಿಗಳು. ಬಾಂಬಿಗೆ ಬೇಕಾದ ಒಂದು ಅದಿರಿಗಾಗಿ ಲೋಕದಿಂದ ಲೋಕಕ್ಕೆ ಹೋಗಿ, ಅಲ್ಲಿಯವರನ್ನು ಹೊರಗಟ್ಟಿ ಗಣಿ ಹಿಡಿಯುತ್ತಿದ್ದರು. ಬಾವಿ ಬಾವಿಯಲ್ಲ, ಗಣಿಯ ಕುಣಿ. ದೊಡ್ಡ ಸಾಹೇಬ ಬೊಗಸೆಯಲ್ಲಿ ಎತ್ತಿದ್ದು ಕಪ್ಪು ಪುಡಿ. ನಮ್ಮ ಹಳೆಯ ಪ್ರತಿಯ ಗೀರುಗಳಲ್ಲಿ ಅದು ನೀರಿನಂತೆ ಹೊಳೆದಿತ್ತು. ಅದನ್ನು ಎತ್ತಿ ಹಿಡಿದು ಅವನು, ಹತ್ತು ಲೋಕ ಸುಡಲು ಇಷ್ಟು ಸಾಕು ಎನ್ನುತ್ತಾನೆ. ನನ್ನ ಸುತ್ತ ಕುಳಿತ ಕಾಲೇಜು ಹುಡುಗರು ಸಿಳ್ಳೆ ಹಾಕಿದರು.

ಸವಣೂರಿಗೆ ಮರಳಿದಾಗ ಊರು ಕಾದ ಹಂಚಾಗಿತ್ತು. ತಂಬುವಿನ ಮಾಲಕರು ಒಂದು ಸುದ್ದಿ ಹೊರಡಿಸಿದ್ದರು: ಮಳೆಗೆ ಮುಂಚೆ ತಂಬು ಕೀಳುವ ದಿನ, ಐದರಲ್ಲಿ ಮಂದಿ ಹೆಚ್ಚು ಮೆಚ್ಚಿದ್ದನ್ನು ಮತ್ತೊಮ್ಮೆ ಹಾಕುತ್ತೇವೆ. ಫಕ್ಕೀರಪ್ಪನವರು ಒಂದು ಉದ್ದನೆಯ ಕಾಗದ ಹಿಡಿದು ಓಣಿ ಓಣಿ ತಿರುಗಿ ಯಾರಿಗೆ ಯಾವುದು ಬೇಕೆಂದು ಗುರುತು ಹಾಕಿಕೊಳ್ಳುತ್ತಿದ್ದರು. ಅಂದು ಸಂಜೆ ನಮ್ಮ ಕಟ್ಟೆಗೂ ಬಂದರು.

ನಾನು ಮೂರನೆಯದರ ಬಗ್ಗೆ ಏನೋ ಹೇಳಹೋದೆ. ಕಾಕಾ ಚೇಷ್ಟೆಗೆ, ‘ನೀ ಸುಮ್ಮನಿರು. ಪರೀಕ್ಷಾ ಪಾಸಾಗು, ಆಮ್ಯಾಲೆ ಪಿಚ್ಚರಿಗೆ ಮಾರ್ಕು ಹಾಕೀಯಂತ’ ಎಂದ. ಮಕ್ಬೂಲ್‌ಸಾಬರು ನಕ್ಕರು. ಅದು ಎದೆಗೆ ಚುಚ್ಚಿತು.

‘ನಿಮಗ್ಯಾರಿಗೂ ಆ ಪಿಚ್ಚರ್ ತಿಳದೇ ಇಲ್ಲ ಕಾಕಾ’ ಎಂದೆ. ‘ಅದರಾಗ ನೀರ ಇಲ್ಲ. ನಾ ಹುಬ್ಬಳ್ಳಿಯೊಳಗ ನೋಡಿ ಬಂದೇನಿ.’ ಒಂದೂ ಬಿಡದೆ ಹೇಳಿದೆ. ಸಿಪಾಯಿಗಳು, ಗಣಿ, ಕಪ್ಪು ಪುಡಿ, ಹತ್ತು ಲೋಕ ಸುಡುವ ಮಾತು. ಹೇಳುತ್ತಾ ಹೋದಂತೆ ನನಗೊಂದು ಸುಖವೂ ಆಗುತ್ತಿತ್ತು; ಅದನ್ನು ಮುಚ್ಚಿಡಲಾರೆ.

ಮಕ್ಬೂಲ್‌ಸಾಬರು, ‘ಅಂದ್ರ ನಾವು ಇಷ್ಟು ದಿವಸ ಜಗಳಾಡಿದ್ದು ಯಾವ ಪಿಚ್ಚರಿನ ಸಲುವಾಗಿ?’ ಎಂದು ಮೆಲ್ಲಗೆ ಕೇಳಿದರು. ಫಕ್ಕೀರಪ್ಪನವರು ಮೆಟ್ಟಿಲಿನಿಂದ ಎದ್ದರು. ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಅಂಚಿಗಿಟ್ಟು, ಕಾಕಾನಿಗೆ ಕೈಮುಗಿದು ಹೊರಟುಹೋದರು. ನನ್ನ ಕಡೆ ನೋಡಲಿಲ್ಲ.

ಮರುದಿನ ದರ್ಜಿ ಅಂಗಡಿಯಿಂದ ಸುದ್ದಿ ಪೇಟೆಗೆ ಹೋಯಿತು. ಕೆಲವರು ನಕ್ಕರು, ಕೆಲವರು ‘ನಮ್ಮನ್ನ ಹುಚ್ಚ ಮಾಡಿದ’ ಎಂದರು. ಫಕ್ಕೀರಪ್ಪನವರು ತಂಬುವಿಗೆ ಬರುವುದನ್ನು ನಿಲ್ಲಿಸಿದರು. ಕಾಕಾ ಸಂಜೆ ಕಟ್ಟೆಗೆ ಬರುವುದನ್ನು ಬಿಟ್ಟ.

ನಾಲ್ಕನೆಯ ದಿನ ಅಪ್ಪನ ಮುಂದೆ ಹೋಗಿ ಕುಳಿತೆ. ‘ಅಪ್ಪಾ, ಮೂಲದಾಗ ಇಲ್ಲದ ಅರ್ಥಾ ವ್ಯಾಖ್ಯಾನಕಾರ ಹೇಳಿದ್ರ ಅದು ತಪ್ಪಲ್ಲೇನು?’

ಅಪ್ಪ ಕನ್ನಡಕ ತೆಗೆದರು. ಮನೆಯಲ್ಲಿ ನಡೆದದ್ದೆಲ್ಲ ಅವರಿಗೆ ಗೊತ್ತಿತ್ತೆಂದು ಆಗ ತಿಳಿಯಿತು. ‘ತಪ್ಪ. ಆದ್ರ ಅವ ಯಾಕ ಹಂಗ ಹೇಳಿದಾ ಅಂತ ಕೇಳಿದ್ಯೇನು?’

‘ಇಲ್ಲ.’

‘ಎದುರಿನವನ ಪೂರ್ವಪಕ್ಷ ಕೇಳದ ಖಂಡನಾ ಮಾಡಬಾರ್ದು, ಸುಧಾ. ಅದು ಶಾಸ್ತ್ರಾ ಓದೂ ಮನಿತನದ ಲಕ್ಷಣ ಅಲ್ಲ’ ಎಂದರು. ಪರೀಕ್ಷೆಯಲ್ಲಿ ನಪಾಸಾದಾಗ ಬೈಯದವರು ಬೈದದ್ದು ಇದಕ್ಕೆ.

ಮರುದಿನ ಬೆಳಗಿನ ಬಸ್ಸಿಗೆ ಹತ್ತಿಮತ್ತೂರಿಗೆ ಹೋದೆ. ಊರ ಹೊರಗಿನ ಸಣ್ಣ ಮನೆ, ಸಾರಿಸಿದ ಅಂಗಳ. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ. ಫಕ್ಕೀರಪ್ಪನವರು ಬಿತ್ತನೆಗೆ ಕೂರಿಗೆ ಸರಿಮಾಡುತ್ತಾ ಕುಳಿತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು.

‘ಕುಂಡ್ರಿ ಫಕ್ಕೀರಪ್ಪನವರ’ ಎಂದೆ. ಬಹುವಚನ ನನ್ನ ಬಾಯಿಗೆ ತಾನಾಗಿ ಬಂದಿತ್ತು. ಇಬ್ಬರಿಗೂ ಅದು ಕೇಳಿಸಿತು. ‘ನಾ ಅವತ್ತು ಹಂಗ ಮಾತಾಡಬಾರ್ದಿತ್ತು.’

‘ನೀವು ಖರೆ ಹೇಳಿದ್ರಿ ಅಕ್ಕಾರ. ಖರೆ ಹೇಳಿದ್ರ ಸಿಟ್ಟು ಯಾಕ್ರಿ?’ ಸ್ವಲ್ಪ ಹೊತ್ತು ಕೂರಿಗೆಯ ಹಗ್ಗ ಬಿಗಿದರು. ‘ಪಿಚ್ಚರಿನ್ಯಾಗ ಅವರು ಮಾತಾಡೂದು ನನಗ ಸಾಲಿಯಾಗ ಕಲಿಸಿದ ಇಂಗ್ಲಿಷ್‌ನಂಗ ಇರಲಿಲ್ರಿ. ನಾಕ ಮಾತಿನ್ಯಾಗ ಒಂದು ತಿಳೀತಿತ್ತು. ಉಳದದ್ದು ಮುಖಾ ನೋಡಿ, ಕೈ ನೋಡಿ ಹೇಳ್ತಿದ್ದೆ.’

‘ಆದ್ರ ನೀರು ಅಂತ ಯಾಕ ಅನಸ್ತು?’

ಅವರು ಕೆಲಸ ನಿಲ್ಲಿಸಿದರು. ‘ನಾ ಸಣ್ಣಾವಿದ್ದಾಗ ನಮ್ಮ ಮಂದಿ ಊರ ಬಾವಿ ಮುಟ್ಟಂಗಿರಲಿಲ್ರಿ. ದಂಡಿಮ್ಯಾಲೆ ಮಂಡಿ ಊರಿ, ಬೊಗಸಿ ಒಡ್ಡಿ ಕುಂದರೂದು. ಯಾರರ ಮನಸ್ಸು ಬಂದು ಮ್ಯಾಲಿಂದ ಹನಿಸಿದ್ರ ಕುಡಿಯೂದು. ಆ ಸಾಹೇಬ ಮಂಡಿ ಊರಿ ಬೊಗಸಿ ಒಡ್ಡಿದ್ನಲ್ರಿ. ಬೊಗಸಿ ನೀರಿಗಲ್ದ ಮತ್ಯಾತಕ್ಕ ಒಡ್ತಾರ ಅಂತ ನನಗ ಹೊಳೀಲೇ ಇಲ್ಲ.’

ನಮ್ಮ ಹಿತ್ತಲಬಾಗಿಲಲ್ಲಿ ಅಜ್ಜಿ ಹೀಗೆಯೇ ತಂಬಿಗೆ ಎತ್ತಿ ಹಿಡಿದು ಆಳುಗಳಿಗೆ ನೀರು ಹನಿಸುತ್ತಿದ್ದಳು. ಅವಳಿಗೆ ಕೈನೋವಾದಾಗ ಒಂದೆರಡು ಸಲ ನಾನೂ ಹನಿಸಿದ್ದೆ.

ಫಕ್ಕೀರಪ್ಪನವರ ತಾಯಿ ಒಳಗಿನಿಂದ ಒಂದು ತಂಬಿಗೆ ನೀರು ತಂದು, ನನ್ನಿಂದ ಎರಡು ಮಾರು ದೂರ ನೆಲಕ್ಕಿಟ್ಟು ಹಿಂದೆ ಸರಿದರು. ನಾನು ಎದ್ದುಹೋಗಿ ತಂಬಿಗೆ ಎತ್ತಿಕೊಂಡು ಕುಡಿದೆ. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದಿದ್ದೆ, ಪೂರ್ತಿ ಕುಡಿದೆ. ಮುದುಕಿ ಮಗನ ಮುಖ ನೋಡಿದರು.

‘ಕಡೀ ಆಟಕ್ಕ ನೀವು ಬರಬೇಕ್ರಿ’ ಎಂದೆ. ‘ಊರಿನ ಮಂದಿ ಮೂರನೇದನ್ನ ಆರಿಸ್ಯಾರ. ನಿಮ್ಮ ಕಾಗದಾ ಕಾಕಾ ನೋಡ್ಯಾರ.’

‘ಸುಳ್ಳು ಹೇಳಾಂವ ಅಂತ ಗೊತ್ತಾದ ಮ್ಯಾಲೆ ಹೆಂಗ ನಿಂದರ್ಲ್ರಿ?’ ಎಂದು ತುಸು ಯೋಚಿಸಿ, ‘ಒಂದು ಕೆಲಸ ಮಾಡೂಣು. ನೀವು ನನ್ನ ಮಗ್ಗಲಕ್ಕ ಕುಂಡ್ರಿ. ಅವರು ಏನಂತಾರ ನೀವು ಹೇಳ್ರಿ, ನಾ ಅದನ್ನ ಮೈಕಿನ್ಯಾಗ ಹೇಳ್ತೇನಿ. ಖರೇದ್ದು’ ಎಂದರು.

ಕೊನೆಯ ಆಟದ ಸಂಜೆ ಮನೆಯಿಂದ ಹೊರಟಾಗ ಅಪ್ಪ ಎಲ್ಲಿಗೆಂದು ಕೇಳಲಿಲ್ಲ. ಬಂಕಾಪುರದ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಮಂದಿ ಬಂದಿದ್ದರು. ಪರದೆಯ ಮಗ್ಗುಲಲ್ಲಿ ಒಂದು ಸ್ಟೂಲು ಹಾಕಿದ್ದರು. ಇಡೀ ತಂಬು ನೋಡುತ್ತಿರುವಾಗ ಅದರ ಮೇಲೆ ಹೋಗಿ ಕುಳಿತೆ. ಮುಂದಿನ ಸಾಲಿನಲ್ಲಿ ಕಾಕಾ, ಮಕ್ಬೂಲ್‌ಸಾಬರು ಒತ್ತಿಕೊಂಡು ಕುಳಿತಿದ್ದರು.

ಪಿಚ್ಚರು ಶುರುವಾಯಿತು. ನಾನು ಪಿಸುಗುಟ್ಟಿದೆ: ‘ಇವರು ಸಿಪಾಯಿಗಳು. ಗಣಿ ಹಿಡೀಲಿಕ್ಕೆ ಬಂದಾರ.’ ಫಕ್ಕೀರಪ್ಪನವರು ಅದನ್ನೇ ಹೇಳಿದರು. ತಂಬುವಿನಲ್ಲಿ ಗುಜುಗುಜು ಎದ್ದಿತು. ‘ಫಕ್ಕೀರಪ್ಪ, ಬ್ಯಾರೆ ಪಿಚ್ಚರ್ ಹಾಕೀರೇನು?’ ಎಂದು ಹಿಂದಿನಿಂದ ಯಾರೋ ಕೂಗಿದರು. ಅವರು ನಿಲ್ಲಿಸಲಿಲ್ಲ. ನಾನು ಹೇಳಿದ್ದನ್ನು ಹೇಳಿದಂತೆ ಹೇಳುತ್ತಾ ಹೋದರು. ಆದರೆ ಧ್ವನಿ ಅವರದಾಗಿರಲಿಲ್ಲ. ಬಸ್ಸಿನ ವೇಳೆ ಸಾರಿದಂತೆ ಇತ್ತು. ಮೂರನೆಯ ರೀಲಿನ ಹೊತ್ತಿಗೆ ಕೆಲವರು ಎದ್ದು ಹೊರಗೆ ಹೋದರು.

ಕೊನೆಯ ರೀಲು ಬಂತು. ದೊಡ್ಡ ಸಾಹೇಬ ಕುಣಿಗೆ ಇಳಿದ, ಮಂಡಿಯೂರಿದ, ಎರಡೂ ಕೈ ಒಡ್ಡಿದ. ನಮ್ಮ ಹಳೆಯ ಪ್ರತಿಯ ಗೀರುಗಳ ನಡುವೆ ಬೊಗಸೆ ಮಿನುಗಿತು. ಸಾಹೇಬ ಇಂಗ್ಲಿಷಿನಲ್ಲಿ ತನ್ನ ಮಾತು ಆಡಿದ. ಫಕ್ಕೀರಪ್ಪನವರು ಮೈಕು ಹಿಡಿದು ನನ್ನ ಕಡೆ ಬಾಗಿದರು.

‘ನೀರು ಬಂತು ಅನ್ಲಿಕ್ಕತ್ತಾನ್ರಿ’ ಎಂದೆ.

ಅವರು ನನ್ನ ಮುಖ ನೋಡಿದರು. ಅವನು ಏನು ಹೇಳಿದ್ದನೆಂದು ಅವರಿಗೆ ಗೊತ್ತಿತ್ತು; ಕಟ್ಟೆಯ ಮೇಲೆ ನಾನೇ ಹೇಳಿದ್ದೆ. ಮೈಕಿಗೆ ಅಂಗೈ ಅಡ್ಡ ಹಿಡಿದು, ‘ಖರೇನ್ರಿ?’ ಎಂದರು.

‘ಖರೆ.’

ಅವರು ಪರದೆಯ ಕಡೆ ತಿರುಗಿದರು. ಆ ತಗ್ಗಿದ ಧ್ವನಿ, ನಾವೆಲ್ಲ ಬಲ್ಲ ಧ್ವನಿ, ಮತ್ತೆ ಬಂತು. ‘ನೀರು ಬಂತು ನೋಡ್ರಿ...’ ತಂಬು ಗಪ್ಪಾಯಿತು. ಹೊರಗೆ ಹೋದವರು ತಿರುಗಿ ಬಂದು ಬಾಗಿಲಲ್ಲಿ ನಿಂತರು. ಕಾಕಾ ಹೆಗಲ ವಸ್ತ್ರವನ್ನು ಕಣ್ಣಿಗೊತ್ತಿಕೊಂಡದ್ದು ನನಗೆ ಕಾಣಿಸಿತು.

ಆ ವಾರ ತಂಬು ಕಿತ್ತರು. ಮಳೆಗಾಲ ಕಳೆದ ಮೇಲೆ ಅದು ಹಿರೇಕೆರೂರಿನ ಕಡೆ ಹೋಯಿತು. ಫಕ್ಕೀರಪ್ಪನವರೂ ಅದರ ಜೊತೆ ಹೋದರೆಂದು ಕೇಳಿದೆ. ನಾನು ಪಾಸಾದೆ. ಎರಡು ವರ್ಷಗಳ ನಂತರ ಹಾನಗಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾದೆ.

ಅಲ್ಲಿ ಶಾಂತಕ್ಕ ಎಂಬ ಹಿರಿಯ ಶಿಕ್ಷಕಿ ಇದ್ದರು, ಅಬಲೂರಿನವರು. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾ, ಹಿರೇಕೆರೂರಿನ ತಂಬುವಿನಲ್ಲಿ ತಾವು ನೋಡಿದ ಆಕಾಶದ ಪಿಚ್ಚರುಗಳ ಸುದ್ದಿ ತೆಗೆದರು. ನಾನು ಗೊತ್ತಿಲ್ಲದವಳಂತೆ ಕೇಳುತ್ತಾ ಕುಳಿತೆ.

‘ಮೂರನೇದ್ರಾಗ ಬಾವಿ ಸಿಗ್ತೈತಿ ನೋಡ್ರಿ’ ಎಂದರು. ‘ಆ ಲೋಕದ ಮಂದಿ ಭಾಷಾ ಹಡಗಿನ್ಯಾಗ ಯಾರಿಗೂ ತಿಳ್ಯಂಗಿಲ್ಲ, ಒಬ್ಬಾಕಿ ಹುಡುಗಿಗೆ ಬಿಟ್ಟು. ದೊಡ್ಡ ಸಾಹೇಬ ಬೊಗಸಿ ಒಡ್ಡಿ ಕುಂತಾನ. ಬಾವಿ ಕಾಯೂ ಮಂದಿ, ಇದು ನಿನ್ನ ನೀರಲ್ಲ, ಮುಟ್ಟಬ್ಯಾಡ ಅಂತಾರ. ಏನಂದ್ರು ಅಂತ ಅಂವ ಆಕೀನ ಕೇಳ್ತಾನ. ಕುಡೀರಿ ಅನ್ನಾಕತ್ತಾರ ಅಂತ ಆಕಿ ಹೇಳಿಬಿಡ್ತಾಳ.’

‘ಆ ಹುಡುಗಿ ಪಿಚ್ಚರಿನ್ಯಾಗ ಕಾಣಸ್ತಾಳೇನ್ರಿ?’ ಎಂದೆ.

‘ಕಾಣ್ಸೂದಿಲ್ಲ. ಮಗ್ಗಲಕ್ಕ ಕತ್ತಲಾಗ ಕುಂತಿರ್ತಾಳಂತ. ಕಥಿ ಹೇಳಾವ್ರು ಹಂಗಂದ್ರು.’

ತುತ್ತು ಕೈಯಲ್ಲೇ ಉಳಿಯಿತು. ಶಾಂತಕ್ಕ ಅದನ್ನು ಗಮನಿಸದೆ, ‘ಆದ್ರ ಏನ ಹೇಳ್ರಿ, ಐದನೇದ್ರ ಮುಂದ ಇದು ಸಪ್ಪಗ’ ಎಂದರು.

‘ಇಲ್ರಿ ಶಾಂತಕ್ಕ’ ಎಂದೆ. ‘ಮೂರನೇದ ಮ್ಯಾಲೆ.’

ಅವರು ಒಪ್ಪಲಿಲ್ಲ. ಡಬ್ಬಿ ಬದಿಗೆ ಸರಿಸಿ ನನ್ನ ಕಡೆ ತಿರುಗಿ ಕುಳಿತರು. ಗಂಟೆ ಬಾರಿಸಿತು, ಮಕ್ಕಳು ವರ್ಗಕ್ಕೆ ಹೋದರು. ನಾವಿಬ್ಬರೂ ಇನ್ನೂ ಎರಡನೆಯದಕ್ಕೂ ಬಂದಿರಲಿಲ್ಲ.